ಹತ್ತನೆಯ ಗಾಡಿಗೆ ಕಾರಣ

ಹಲ್ಲುನೋವಿಗೆ ನಾಲ್ಕು ಗಾಡಿ. ಕೋರ್ಟಿನ ತಾರೀಖಿಗೆ ಆರು. ಮದುವೆ ನಿಮ್ಮದೇ ಆಗಿದ್ದರೆ ಹನ್ನೊಂದು, ಬರೀ ಊಟಕ್ಕೆ ಹೊರಟಿದ್ದರೆ ಒಂದೂವರೆ. ಆ ಅರ್ಧ ಗಾಡಿಯ ಪಕ್ಕದಲ್ಲೇ ಸಿಕ್ಕಿಕೊಂಡು ಕೊನೆಯ ಪಂಕ್ತಿಯನ್ನೂ ತಪ್ಪಿಸಿಕೊಂಡವರು ಬಹಳ ಮಂದಿ. ಪರೀಕ್ಷೆಗೆ ಒಂಬತ್ತು. ಸಾವಿಗೆ ಒಂದೇ ಒಂದು, ಯಾಕೆಂದರೆ ಸತ್ತವರಿಗೆ ಅವಸರವಿಲ್ಲ. ಹೆರಿಗೆಗೆ ಮಾತ್ರ ಲೆಕ್ಕವಿಲ್ಲ, ಎಷ್ಟು ಗಾಡಿ ಅಡ್ಡ ಇದ್ದರೂ ಅಷ್ಟನ್ನೂ ದಾಟಿಸುತ್ತದೆ. ಆದರೆ ಹುಟ್ಟಿಬಿಟ್ಟ ಕೂಸನ್ನು ನೋಡಲು ಹೋಗುವವರಿಗೆ ಸೊನ್ನೆ. ಕೂಸು ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ಊರಿನಿಂದ ಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಮುಂದಿನವರನ್ನು ಹಿಂದೆ ಹಾಕಲು ಬೀಳುವ ಬೆಲೆ ಇದು. ನಮ್ಮ ಮಕ್ಕಳು ಎರಡರ ಮಗ್ಗಿಗಿಂತ ಮೊದಲು ಇದನ್ನು ಬಾಯಿಪಾಠ ಮಾಡುತ್ತಾರೆ.

ಹೆದ್ದಾರಿಯಲ್ಲಿ ಹೋಗುವುದಕ್ಕೆ ಎರಡು ಸಾಲು, ಬರುವುದಕ್ಕೆ ಎರಡು ಸಾಲು. ಎಡಗಡೆಯದರಲ್ಲಿ ಕಬ್ಬಿನ ಟ್ರ್ಯಾಕ್ಟರು, ಚಕ್ಕಡಿ, ಮತ್ತು ಯಾರಿಗೂ ಏನೂ ಹೇಳಲು ಇಷ್ಟವಿಲ್ಲದ ಜನ ಹೋಗುತ್ತಾರೆ. ಬಲಗಡೆಯದಕ್ಕೆ ದಾಟುಸಾಲು ಅನ್ನುತ್ತೇವೆ. ಅದಕ್ಕೆ ಎರಡು ಕಟ್ಟಳೆ. ಒಂದು ಸರ್ಕಾರದ್ದು: ಗಾಡಿಯೊಳಗೆ ಕನಿಷ್ಠ ಮೂರು ತಲೆ ಇರಬೇಕು. ಇನ್ನೊಂದು ಆ ರಸ್ತೆಯದೇ: ಮುಂದಿನವನನ್ನು ದಾಟಬೇಕಾದರೆ ನಿಮಗೆ ಯಾಕೆ ಅವಸರ ಎಂಬುದನ್ನು ಅವನ ಕಿವಿಗೆ ಬೀಳುವ ಹಾಗೆ ಬಾಯಿಬಿಟ್ಟು ಹೇಳಬೇಕು. ಕಾರಣ ನಿಜವಾಗಿದ್ದರೆ ಅವನು ಎಡಕ್ಕೆ ಸರಿಯುತ್ತಾನೆ, ನೀವು ಮುಂದೆ ಹೋಗುತ್ತೀರಿ. ಸುಳ್ಳಾಗಿದ್ದರೆ ಏನಾಗುತ್ತದೆ ಎಂದು ಹೊಸಬರು ಕೇಳುತ್ತಾರೆ. ಏನೂ ಆಗುವುದಿಲ್ಲ. ಆಗಲೂ ದಾಟುತ್ತೀರಿ, ಮುಖಕ್ಕೆ ಗಾಳಿ ಬಡಿಯುತ್ತದೆ, ಗೆದ್ದೆ ಅನಿಸುತ್ತದೆ. ಮುಂದಿನ ಕಿಲೋಮೀಟರ್ ಕಲ್ಲು ಕಳೆದು ಒಮ್ಮೆ ಕಣ್ಣು ಮಿಟುಕಿಸಿದರೆ ಅದೇ ಗಾಡಿಯ ಅದೇ ನಂಬರ್ ಪ್ಲೇಟು ನಿಮ್ಮ ಮೂಗಿನ ಮುಂದಿರುತ್ತದೆ.

ಹಾರ್ನ್‌ನಿಂದ ಪ್ರಯೋಜನವಿಲ್ಲ ಎಂದು ಗೊತ್ತಾದ ಮೇಲೆ ಜನ ಹಾರ್ನ್‌ಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ನನ್ನದು ನಮ್ಮ ಕೋಳಿಗೂಡಿನ ಬಾಗಿಲಿಗೆ ಒತ್ತುಗಲ್ಲಾಗಿದೆ. ಗುಟ್ಟುಗಳೂ ಅದೇ ದಾರಿ ಹಿಡಿದವು. ಯಾರಿಗೆ ಮೂಲವ್ಯಾಧಿ, ಯಾರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ, ಯಾವ ಗೌಡರು ಬೋಳುತಲೆಗೆ ಕೂದಲು ನೆಡಿಸಿಕೊಳ್ಳುತ್ತಿದ್ದಾರೆ, ಎಲ್ಲವೂ ಎಲ್ಲರಿಗೂ ಗೊತ್ತು.

ಗಾಡಿಯಲ್ಲಿ ಕೂತ ಯಾರ ಕಾರಣವಾದರೂ ನಡೆಯುತ್ತದೆ. ಹೀಗಾಗಿ ಊರ ಹೊರಗಿನ ಹುಣಸೆಮರದ ಕೆಳಗೆ ಒಂದು ಕಟ್ಟೆ ಇದೆ, ಕಾರಣದ ಕಟ್ಟೆ. ಪೇಟೆಗೆ ಹೋಗುವವರು ಅಲ್ಲಿ ತಮ್ಮ ತಮ್ಮ ಕಾರಣ ಹಿಡಿದುಕೊಂಡು ನಿಲ್ಲುತ್ತಾರೆ. ಗಾಡಿಯವರು ನಿಲ್ಲಿಸಿ, "ಏನ್ರೀ, ನಿಮ್ದೇನು?" ಎಂದು ಕೇಳಿ ಬಲವಾದದ್ದನ್ನು ಆರಿಸಿ ಹತ್ತಿಸಿಕೊಳ್ಳುತ್ತಾರೆ. ತುಂಬಿದ ಬಸುರಿ ಬಂದರೆ ನಾಲ್ಕು ಗಾಡಿಯವರು ಬಾಗಿಲು ತೆಗೆದು ಓಡಿಬರುತ್ತಾರೆ. ಸುಮ್ಮನೆ ಸೀರೆ ತರಲು ಹೊರಟವರು ಮಧ್ಯಾಹ್ನದವರೆಗೂ ಹುಣಸೆಹಣ್ಣು ಚೀಪುತ್ತ ಕೂತಿರುತ್ತಾರೆ.

ನಾನು ತುಂಗವ್ವ. ವಯಸ್ಸು ಐವತ್ನಾಲ್ಕು. ಹದಿನೆಂಟು ವರ್ಷದಿಂದ ಟಂಟಂ ಓಡಿಸುತ್ತೇನೆ, ಮೂರು ಗಾಲಿಯದು, ಹಿಂದೆ ಎದುರುಬದುರು ಎರಡು ಬೆಂಚು. ಈ ಹದಿನೆಂಟು ವರ್ಷದಲ್ಲಿ ಜನರ ಕಾರಣಗಳ ಮೇಲೆ ಸಾವಿರಾರು ಗಾಡಿ ದಾಟಿದ್ದೇನೆ. ನನ್ನ ಸ್ವಂತ ಕಾರಣ ಹೇಳಿ ಒಂದನ್ನೂ ದಾಟಿರಲಿಲ್ಲ. ನನ್ನ ಹತ್ತಿರ ಕಾರಣ ಇರಲಿಲ್ಲ ಅಂತಲ್ಲ. ಇದ್ದದ್ದು ಹೇಳುವಂಥದ್ದಾಗಿರಲಿಲ್ಲ.

ವಿಷಯ ಇಷ್ಟು. ಮೂವತ್ತಮೂರು ವರ್ಷದ ಹಿಂದೆ ನನ್ನ ಮದುವೆಯ ಮಾತುಕತೆಯಲ್ಲಿ ನನ್ನ ಸೋದರಮಾವ ಅವಲಕ್ಕಿ ತಿನ್ನುತ್ತ, "ಹುಡುಗಿ ಎಸ್ಸೆಸ್ಸೆಲ್ಸಿ ಪಾಸು" ಅಂದುಬಿಟ್ಟ. ನಾನು ಗಣಿತದಲ್ಲಿ ಹದಿನೇಳು ಅಂಕ ತೆಗೆದುಕೊಂಡು ಮನೆಯಲ್ಲಿ ಕೂತಿದ್ದೆ. ಮಾವ ಹೇಳಿದ ಸುಳ್ಳನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಸುಮ್ಮನಿದ್ದೆ. ಮೂರು ವರ್ಷಕ್ಕೆ ಮೈದುನನ ಹೆಂಡತಿಯಾಗಿ ಸುಲೋಚನಾ ಬಂದಳು, ನನ್ನ ನೆಗೆಣ್ಣಿ, ಪಿಯುಸಿ ಪಾಸು. ಪ್ರತಿ ದೀಪಾವಳಿಗೂ ಕರಜಿಕಾಯಿ ಕರಿಯುವಾಗ ಅವಳದು ಒಂದೇ ಪ್ರಶ್ನೆ. "ಅಕ್ಕಾ, ನಿಮಗ ಗಣಿತದಾಗ ಎಷ್ಟು ಬಿದ್ದಿದ್ವು?" ಮೊದಲು ಮರೆತೆ ಅಂದೆ. ಒಂದು ವರ್ಷ ಎಣ್ಣೆ ಕೈಗೆ ಸಿಡಿದ ಸಿಟ್ಟಿನಲ್ಲಿ "ಎಪ್ಪತ್ತೆರಡು" ಅಂದೆ. ಮರುದಿನವೇ ಅದು ಊರೆಲ್ಲ ಹಬ್ಬಿತು. ಗಿರಣಿ ಚನಮಲ್ಲಪ್ಪ ಅಂದಿನಿಂದ ಕಾಳಿನ ಲೆಕ್ಕ ತಪ್ಪಿದಾಗಲೆಲ್ಲ ನನ್ನ ಹತ್ತಿರ ಬಂದು, "ಎಪ್ಪತ್ತೆರಡು ಬಿದ್ದಾಕಿ, ಒಂದೀಟ ನೋಡವಾ" ಅನ್ನುತ್ತಾನೆ. ನಾನು ಬೆರಳು ಮಡಚಿ ಹೇಳುತ್ತೇನೆ. ಬದುಕಿನ ಲೆಕ್ಕ ನನಗೆ ಯಾವತ್ತೂ ತಪ್ಪಿಲ್ಲ, ಪುಸ್ತಕದ್ದೇ ಕೈಕೊಡುವುದು.

ನಾಲ್ಕು ವರ್ಷದ ಹಿಂದೆ, ಸಾಯುವುದರೊಳಗೆ ಆ ಸುಳ್ಳನ್ನು ನಿಜ ಮಾಡಿಬಿಡಬೇಕು ಅನಿಸಿ ಗುಟ್ಟಾಗಿ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿದೆ. ಪುಸ್ತಕ ಟಂಟಂ ಸೀಟಿನ ಕೆಳಗೆ, ಸ್ಪ್ಯಾನರ್ ಜೊತೆಗೆ. ಐದು ವಿಷಯ ಒಂದೇ ಏಟಿಗೆ ಪಾಸಾದವು. ಗಣಿತ ಮಾತ್ರ ವರ್ಷಕ್ಕೊಮ್ಮೆ ಇಪ್ಪತ್ತೊಂದು, ಇಪ್ಪತ್ತೆಂಟು, ಮೂವತ್ತೊಂದು, ಮೂವತ್ತನಾಲ್ಕು. ಪಾಸಾಗಲು ಮೂವತ್ತೈದು ಬೇಕು. ಈ ಸಲ ಕೊನೆಯ ಅವಕಾಶ. ಹಳೆಯ ಪಠ್ಯ ಈ ವರ್ಷಕ್ಕೆ ಮುಗಿಯಿತು, ತಪ್ಪಿದರೆ ಆರೂ ವಿಷಯ ಮೊದಲಿನಿಂದ. ಪರೀಕ್ಷೆ ಪೇಟೆಯ ಶಾಲೆಯಲ್ಲಿ, ಹತ್ತೂವರೆಗೆ ಗೇಟು ಹಾಕುತ್ತಾರೆ. ಹಿಂದಿನ ನಾಲ್ಕು ಸಲವೂ ನಸುಕಿನಲ್ಲೇ ಎದ್ದು, ಎಡಗಡೆ ಸಾಲಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಮೂರು ತಾಸು ತೆವಳಿ, ಯಾರಿಗೂ ಏನೂ ಹೇಳದೆ ಹೋಗಿ ಬರೆದು ಬಂದಿದ್ದೆ. ಐದನೆಯ ಸಲ ಟಂಟಂ ಕೈಕೊಟ್ಟಿತು. ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಗಿ ಅದು ಕೆಮ್ಮಿ ಎದ್ದಾಗ ಗಂಟೆ ಎಂಟೂ ಐವತ್ತು. ಇನ್ನು ದಾಟುಸಾಲೇ ಗತಿ.

ಕಟ್ಟೆಗೆ ಬಂದಾಗ ಹುಸೇನ್‌ಬಿ ಎಂದಿನಂತೆ ಕಾಯುತ್ತಿದ್ದಳು. ಅವಳು ನನ್ನ ಕಾಯಂ ಮೂರನೆಯ ತಲೆ. ಪೇಟೆಯ ಖಾನಾವಳಿಗಳಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಾಳೆ; ಮನೆಯಲ್ಲಿ ಸೆಕೆ ಅಂತ ನನ್ನ ಬೆಂಚಿನ ಮೇಲೆ ಕೂತು ಇಡೀ ದಿನ ಹೋಗುತ್ತ ಬರುತ್ತ ಗಾಳಿಯಲ್ಲಿ ಸುಲಿಯುತ್ತಾಳೆ. "ನನಗ ಎಲ್ಲಿಗೂ ಹೋಗೂದು ಇಲ್ಲ, ಅದಕ್ಕ ಎಲ್ಲಾ ಕಡಿಗೂ ಹೋಗ್ತೀನಿ" ಅನ್ನುವುದು ಅವಳ ಮಾತು. ಅವಳ ಪಕ್ಕದಲ್ಲಿ ಹಾಸಿಗೆ ಹೊಲಿಯುವ ಮಲಕಾಜಪ್ಪ ನಿಂತಿದ್ದ, ಎದೆಗೆ ಒಂದು ಅಂಗೈಯಗಲದ ಹತ್ತಿಯ ಹಾಸಿಗೆ ಅವಚಿಕೊಂಡು.

"ನಿಮ್ದೇನ್ರೀ?" ಅಂದೆ.

"ಮಗಳ ಹೆರಿಗಿ, ಅಕ್ಕಾರ. ಪೇಟಿ ದವಾಖಾನ್ಯಾಗ ಅದಾಳ. ನಸಿಕಿನಿಂದ ಬ್ಯಾನಿ."

ನನ್ನ ಎದೆ ಕುಣಿಯಿತು. "ಚೊಚ್ಚಲ ಏನ್ರೀ?"

"ಚೊಚ್ಚಲ."

"ಹಂಗಾದ್ರ ಸಂಜಿತನಕಾ ಚಿಂತಿಲ್ಲ, ಹತ್ರಿ ಹತ್ರಿ!" ಅಂದೆ. ಅವನ ಮುಖ ಬಿಳಿಚಿಕೊಂಡಿತು. ಹುಸೇನ್‌ಬಿ ನನ್ನ ತೊಡೆಗೆ ಚಿವುಟಿದಳು. ನನ್ನ ಲೆಕ್ಕ ಅಷ್ಟೇ ಇತ್ತು: ಸಂಜೆಯವರೆಗೆ ನಡೆಯುವ ಕಾರಣ ನನಗೆ ಹತ್ತೂವರೆಯವರೆಗೆ ಸಾಕು.

ಮೊದಲ ಹದಿನಾಲ್ಕು ಗಾಡಿ ಬೆಣ್ಣೆಯ ಮೇಲೆ ಚಾಕು ಆಡಿದ ಹಾಗೆ ಹೋದವು. ಮಲಕಾಜಪ್ಪ ಮೊದಮೊದಲು ನಾಚಿಕೊಂಡು, "ಮಗಳ ಹೆರಿಗಿ ಐತ್ರೀ…" ಎಂದು ದೇವರ ಮುಂದೆ ಹರಕೆ ಹೇಳಿದ ಹಾಗೆ ಹೇಳುತ್ತಿದ್ದ. ಐದನೆಯ ಗಾಡಿಗೆ ಅರ್ಧ ಮೈ ಹೊರಗೆ ಬಂತು. ಹತ್ತನೆಯದಕ್ಕೆ ಎದ್ದು ನಿಂತು, ಹಾಸಿಗೆಯನ್ನು ಬಾವುಟದ ಹಾಗೆ ಬೀಸುತ್ತ, "ಹೆರಿಗೀ! ಹೆರಿಗೀ!" ಎಂದು ಕೂಗತೊಡಗಿದ. "ಸುಸೂತ್ರ ಆಗ್ಲಿ!" ಎಂದು ಎಡಕ್ಕೆ ಸರಿದ ಒಬ್ಬ ಕಾಯಿಪಲ್ಲೆಯವನು ನಮ್ಮ ಕಡೆ ಎರಡು ಸಿವುಡು ಸಬ್ಬಸಿಗೆ ಎಸೆದ, ಬಾಣಂತಿಗೆ ಅಂತ.

ಹೊಳೆಯ ಸೇತುವೆ ದಾಟುವಾಗ ಮಲಕಾಜಪ್ಪನ ಫೋನು ಬಡಿದುಕೊಂಡಿತು. ಅಳಿಯನ ಧ್ವನಿ ನನಗೂ ಕೇಳಿಸಿತು. "ಮಾವಾ, ಆತು! ಹೆಣ್ಣು! ಇಬ್ರೂ ಆರಾಮ ಅದಾರ!"

ಮಲಕಾಜಪ್ಪ ಅತ್ತ, ನಕ್ಕ, ಹಾಸಿಗೆಗೆ ಮುತ್ತು ಕೊಟ್ಟ. ಹುಸೇನ್‌ಬಿ ನೆಟಿಗೆ ಮುರಿದಳು. ನನಗೂ ಕಣ್ಣು ತುಂಬಿ ಬಂತು. ಖುಷಿಯಿಂದ ಅರ್ಧ ನಿಮಿಷ, ಆಮೇಲೆ ಬೇರೆ ಕಾರಣಕ್ಕೆ. ಗಂಟೆ ಒಂಬತ್ತೂ ಮುಕ್ಕಾಲು. ಪೇಟೆ ಹದಿನೆಂಟು ಕಿಲೋಮೀಟರ್. ಮುಂದೆ ಸಾಲಾಗಿ ಹತ್ತು ಗಾಡಿ, ಎಲ್ಲಕ್ಕಿಂತ ಹಿಂದೆ ಹತ್ತಿ ತುಂಬಿದ ಲಾರಿ, ತಾಸಿಗೆ ಇಪ್ಪತ್ತರ ಮೇಲೆ ಹೋಗದು. ಹೀಗೇ ಹೋದರೆ ತಲುಪುವುದು ಹತ್ತು ನಲವತ್ತಕ್ಕೆ. ಇದನ್ನು ಬೆರಳು ಮಡಚದೆಯೇ ಲೆಕ್ಕ ಹಾಕಿದೆ.

"ಮಲಕಾಜಪ್ಪಾರ, ಒಮ್ಮಿ ಒದರ್ರಿ ನೋಡೂಣು," ಅಂದೆ.

"ಇನ್ನ ಏನಂತ ಒದರ್ಲಿ? ಆಗೇಹೋತಲ್ಲ!"

"ರೂಢಿ ಮ್ಯಾಲೆ ಒದರ್ರಿ!"

ಅವನು ಪಾಪ ಒದರಿದ. ಲಾರಿಯ ರುದ್ರಗೌಡ ಎಡಕ್ಕೆ ಸರಿದ, ನಾವು ದಾಟಿದೆವು, ಕಲ್ಲು ಕಳೆಯಿತು, ಕಣ್ಣು ಮಿಟುಕಿಸಿದೆ. ಮೂಗಿನ ಮುಂದೆ ಹತ್ತಿಯ ಗುಡ್ಡ, ಅದರ ಹಿಂಬದಿಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ: ಮತ್ತೆ ಬನ್ನಿ.

ಬಂದಿದ್ದೆವು. ಈ ಸಲ ನಾನೇ ಕತ್ತು ಹೊರಗೆ ಹಾಕಿ, "ಹಲ್ಲುನೋವು, ರುದ್ರಗೌಡಾ! ಪ್ರಾಣ ಹೋಗಾಕತ್ತೈತಿ!" ಎಂದು ಕೂಗಿದೆ. ದಾಟಿದೆವು. ಕಲ್ಲು ಕಳೆಯಿತು. ಮತ್ತೆ ಬನ್ನಿ.

"ನಿನ್ನ ಹಲ್ಲು ನಾ ನೋಡಿಲ್ಲೇನು?" ಅಂದಳು ಹುಸೇನ್‌ಬಿ ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. "ನಿನ್ನೆ ಅಡಿಕಿ ಕಡದು ನನಗ ಅರ್ಧ ಕೊಟ್ಟಿ. ಹಲ್ಲುನೋವಂತ, ಹಲ್ಲುನೋವು!"

ಬೆವರು ಒರೆಸಿಕೊಳ್ಳಲು ಸೀಟಿನ ಕೆಳಗಿನ ವಸ್ತ್ರ ಎಳೆದೆ. ಅದರ ಜೊತೆಗೆ ನನ್ನ ಹಾಲ್ ಟಿಕೆಟ್ಟೂ ಎದ್ದು ಗಾಳಿಗೆ ಹಾರಿ ಹಿಂದಿನ ಬೆಳ್ಳುಳ್ಳಿ ಬುಟ್ಟಿಯಲ್ಲಿ ಬಿತ್ತು. ಹುಸೇನ್‌ಬಿಗೆ ಓದಲು ಬರುವುದಿಲ್ಲ. ಫೋಟೋ ನೋಡಿ, "ಯವ್ವಾ, ಪೊಲೀಸ್ರು ಹುಡುಕೋರ ಗತೆ ಐತಲ್ಲ ನಿನ್ನ ಮಾರಿ, ಏನ್ ಮಾಡಿದಿ?" ಅಂದಳು. ಮಲಕಾಜಪ್ಪ ಅದನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. "ಎಸ್ಸೆಸ್ಸೆಲ್ಸಿ. ಖಾಸಗಿ ಅಭ್ಯರ್ಥಿ. ಗಣಿತ. ಇವತ್ತಿಂದು. ಹತ್ತೂವರಿ."



"ಎಪ್ಪತ್ತೆರಡು?" ಅಂದಳು ಹುಸೇನ್‌ಬಿ.

"ಹದಿನೇಳು," ಅಂದೆ.

"ಅಲ್ಲಾ! ಒಂಬತ್ತು ಗಾಡಿ ಸೀಟಿನ ಬುಡಕ ಇಟ್ಕೊಂಡು ಹಲ್ಲುನೋವು ಅಂತ ಒದರ್ತಿಯಲ್ಲೇ ಹುಚ್ಚಿ!"

"ಮೂವತ್ಮೂರು ವರ್ಷ ಮುಚ್ಚಿಟ್ಟದ್ದು, ಬೂಬು. ಹೆಂಗ ಹೇಳ್ಲಿ? ನಾಚಿಕಿ ಆಗ್ತೈತಿ."

"ನಾಚಿಕಿ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತಿ? ಬರೂ ವರ್ಷ ಆರೂ ವಿಷಯ ಕುಂತ ಬರಿಯಾಕಿ ನೀನೋ ನಾನೋ?" ಅಂದವಳೇ ಸುಲಿದ ಎಸಳುಗಳಲ್ಲಿ ಒಂಬತ್ತನ್ನು ಎಣಿಸಿ ಬೆಂಚಿನ ಮೇಲೆ ಸಾಲಾಗಿ ಇಟ್ಟಳು. "ಇವು ನಿನ್ನವು. ನಡಿ."

ಲಾರಿಯ ಹಿಂದೆ ಹೋಗಿ ನಾನು ಹೇಳಿದೆ. ಹೇಳಿದೆ ಅಂದರೆ, ಗಂಟಲಲ್ಲೇ ಅಂದುಕೊಂಡೆ. ರುದ್ರಗೌಡ ಕಿವಿಗೆ ಕೈ ಹಚ್ಚಿ, "ಕೇಳವಲ್ದು!" ಎಂದು ಕೂಗಿದ.

"ಪರೀಕ್ಷಾ ಐತಿ!"

"ಯಾರದು?"

"ನಂದು! ಎಸ್ಸೆಸ್ಸೆಲ್ಸಿ! ಗಣಿತ! ನಾಕ ಸಲ ಫೇಲಾಗೀನಿ!"

ನಾಲ್ಕು ಸಲದ್ದನ್ನು ಯಾರೂ ಕೇಳಿರಲಿಲ್ಲ. ಮುಚ್ಚಳ ತೆಗೆದ ಮೇಲೆ ಉಗಿಯನ್ನು ಯಾರು ಹಿಡಿಯುತ್ತಾರೆ? ರುದ್ರಗೌಡ ಎಷ್ಟು ನಕ್ಕನೆಂದರೆ ಹತ್ತಿಯ ಗುಡ್ಡ ಅತ್ತಿತ್ತ ತೂಗಾಡಿತು. ನಕ್ಕು, "ಹೋಗ ನಮ್ಮವ್ವ, ಈ ಸಲ ಹೊಡದು ಬಾ!" ಎಂದು ಎಡಕ್ಕೆ ಸರಿದ. ಕಲ್ಲು ಕಳೆಯಿತು. ಕಣ್ಣು ಮಿಟುಕಿಸಿದೆ. ಮುಂದೆ ಲಾರಿ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ನನ್ನ ಸ್ವಂತ ಕಾರಣದ ಮೇಲೆ ದಾಟಿದ ಮೊದಲ ಗಾಡಿ ಅದು. ಗಾಳಿಗೆ ಬೇರೆಯೇ ರುಚಿ ಇತ್ತು. ಹುಸೇನ್‌ಬಿ ಒಂದು ಎಸಳು ಎತ್ತಿ ಬುಟ್ಟಿಗೆ ಹಾಕಿದಳು.

ಎರಡನೆಯದು ಗಿರಣಿ ಚನಮಲ್ಲಪ್ಪನ ಟೆಂಪೋ. ಅವನಿಗೆ ಆ ಹದಿನೇಳನ್ನೂ ಸೇರಿಸಿಯೇ ಕೂಗಿದೆ. ಅವನು ಕಿಟಕಿಯಿಂದ ಬಾಯಿ ತೆರೆದು ನೋಡಿದ. "ಹದಿನೇಳು ಬಿದ್ದಾಕಿ ಇಷ್ಟು ವರ್ಷ ನನ್ನ ಗಿರಣಿ ಲೆಕ್ಕಾ ನೋಡಿದಿ?"

"ಒಂದರೆ ತಪ್ಪಿತ್ತೇನು?"

ಅವನು ಅರ್ಧ ಕಿಲೋಮೀಟರ್ ಯೋಚಿಸಿದ. "ಒಂದೂ ತಪ್ಪಿರ್ಲಿಲ್ಲ!" ಎಂದು ತನಗೇ ಆಶ್ಚರ್ಯವಾದವನ ಹಾಗೆ ಕೂಗಿ ಪಕ್ಕಕ್ಕೆ ಸರಿದ.

ಮೂರನೆಯ ಜೀಪಿನಲ್ಲಿ ಕುಬೇರಾಚಾರ್ ಮಾಸ್ತರರು ಕೂತಿದ್ದರು, ಗಣಿತ ಕಲಿಸಿ ಕಲಿಸಿ ನಿವೃತ್ತರಾದವರು. ಕಾರಣ ಕೇಳಿದ್ದೇ ತಡ, ಅವರು ಜೀಪನ್ನು ಎಡಕ್ಕೆ ತೆಗೆಸಿದರೂ ನನ್ನ ಪಕ್ಕ ಬಿಡಲಿಲ್ಲ. ಕಿಟಕಿಯಿಂದ ಕನ್ನಡಕ ಹೊರಗೆ ಹಾಕಿ, "ವೃತ್ತದ ಕ್ಷೇತ್ರಫಲ?" ಅಂದರು.

"ಪೈ ಆರ್ ವರ್ಗ, ಸರ್!"

"ಸ್ಟೇರಿಂಗ್ ನೋಡ್ಕೋತ ಹೇಳು! ಸಿಲಿಂಡರಿನ ಘನಫಲ?"

"ಪೈ ಆರ್ ವರ್ಗ ಎಚ್!"

"ಶಂಕುವಿಂದು?"

ಶಂಕುವಿನಲ್ಲಿ ನಾನು ಪ್ರತಿ ವರ್ಷ ಬೀಳುತ್ತೇನೆ. ಆಗ ಮುಂದಿನ ಮದುವೆ ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದು, "ಅದರಾಗ ಮೂರನೇ ಒಂದು ಭಾಗಾ!" ಎಂದು ಒಕ್ಕೊರಲಲ್ಲಿ ಕೂಗಿದವು. ನನ್ನ ವಿಷಯ ನನಗಿಂತ ಮುಂದೆ ಹೋಗಿತ್ತು. ನಮ್ಮ ಹೆದ್ದಾರಿಯಲ್ಲಿ ಸುದ್ದಿಗೆ ಮಾತ್ರ ದಾಟಲು ಕಾರಣ ಬೇಕಿಲ್ಲ.

ಆಮೇಲೆ ನಡೆದದ್ದು ಪರೀಕ್ಷೆಯ ತಯಾರಿಯೋ ಮೆರವಣಿಗೆಯೋ ನನಗೆ ಇವತ್ತಿಗೂ ತಿಳಿಯದು. ಮದುವೆ ಬಸ್ಸಿನ ಬ್ಯಾಂಡಿನವರು ಕಹಳೆ ಊದಿದರು. ಮದುಮಗ ಬಾಸಿಂಗ ಓರೆ ಮಾಡಿಕೊಂಡು ಪೈಥಾಗೊರಸ್ ಪ್ರಮೇಯ ಹೇಳಿದ, ಮದುಮಗಳು ಅದನ್ನು ತಿದ್ದಿದಳು. ಆ ಮನೆಯಲ್ಲಿ ಮುಂದೆ ಯಾರ ಮಾತು ನಡೆಯುತ್ತದೆ ಎಂದು ಬಸ್ಸಿಗೆಲ್ಲ ಗೊತ್ತಾಯಿತು. ಹಾಲಿನ ವ್ಯಾನಿನವನು, "ಬರೂದನ್ನ ಮೊದಲು ಬರಿ ಅಕ್ಕಾ, ಬರಲಾರದ್ದಕ್ಕ ಅಳಕೋತ ಕೂಡಬ್ಯಾಡ!" ಅಂದ. ಒಬ್ಬ ವಕೀಲರು ತಮ್ಮ ಪೆನ್ನನ್ನೇ ಚಲಿಸುವ ಕಾರಿನಿಂದ ಮಲಕಾಜಪ್ಪನ ಹಾಸಿಗೆಯ ಮೇಲೆ ಎಸೆದರು. ಪ್ರತಿ ಗಾಡಿಗೂ ಹುಸೇನ್‌ಬಿಯ ಒಂದು ಎಸಳು ಬುಟ್ಟಿಗೆ ಬಿತ್ತು. ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಟಂಟಂ ತನ್ನ ಜನ್ಮದಲ್ಲಿ ಮೊದಲ ಸಲ ಐವತ್ತೈದು ಮುಟ್ಟಿ ತಗಡೆಲ್ಲ ತಾಳ ಹಾಕುತ್ತಿತ್ತು.

ಒಂಬತ್ತನೆಯ ಗಾಡಿ ದಾಟಿದಾಗ ಹತ್ತೂ ಹದಿನೈದು. ಪೇಟೆ ನಾಲ್ಕು ಕಿಲೋಮೀಟರ್. ಬೆಂಚಿನ ಮೇಲೆ ಒಂದು ಎಸಳೂ ಉಳಿದಿರಲಿಲ್ಲ. ಮುಂದೆ ಒಂದು ಬಿಳಿ ಕಾರು ಎಮ್ಮೆಯ ಹಾಗೆ ನಡೆಯುತ್ತಿತ್ತು.

"ತುಂಗವ್ವ," ಅಂದಳು ಹುಸೇನ್‌ಬಿ ಸಣ್ಣ ಧ್ವನಿಯಲ್ಲಿ, "ಅದು ನಿನ್ನ ನೆಗೆಣ್ಣಿ ಕಾರಲ್ಲೇನು?"

ಸುಲೋಚನಾಳದೇ. ಅವಳು ಯಾವತ್ತೂ ಹಾಗೆ ಓಡಿಸುವುದು, ಸೆರಗು ಹಾಳಾಗದ ವೇಗದಲ್ಲಿ. ನಾನು ಬೆನ್ನು ಹತ್ತಿದ್ದು ಕಂಡು ಕಾರನ್ನು ಅರ್ಧ ಎಡಕ್ಕೆ ತೆಗೆದು ಗಾಜು ಇಳಿಸಿದಳು. "ಏನಕ್ಕಾ! ಎಪ್ಪತ್ತೆರಡರ ಕತಿ ಹಿಂಗಂತ? ಹಾಲಿನ ವ್ಯಾನಿನಾಂವ ಹೇಳಿದ!"

ನನ್ನ ಕಣ್ಣು ಅವಳ ಹಿಂದಿನ ಸೀಟಿನ ಮೇಲಿತ್ತು. ಅಲ್ಲಿ ನನ್ನ ಮೈದುನ ಕೂತು ನಿದ್ದೆ ಮಾಡುತ್ತಿದ್ದ. ಅವನ ಪಕ್ಕದಲ್ಲಿ ಜರಿ ಸೆರಗು ಹೊದ್ದು, ಹಣೆಗೆ ಕುಂಕುಮ ಇಟ್ಟುಕೊಂಡು ಒಂದು ದೊಡ್ಡ ಕುಂಬಳಕಾಯಿ ಕೂತಿತ್ತು. ಮೂರನೆಯ ತಲೆ!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇನ್ನೂ ಏನೂ ಅಂದಿರಲಿಲ್ಲ, ಸುಲೋಚನಾ ಗಾಜು ಏರಿಸತೊಡಗಿದಳು.

"ಸುಲೋಚನಾ, ತಡಿ! ಒಂದು ಮಾತು. ನೀ ನನ್ನ ಮಾರ್ಕ್ಸ್ ಕೇಳಬ್ಯಾಡ, ನಾ ನಿನ್ನ ಹಿಂದ ಕುಂತ ಬೀಗತಿ ಹೆಸರು ಕೇಳಂಗಿಲ್ಲ. ದಾರಿ ಬಿಡು!"

ಅವಳು ತಕ್ಷಣ ಒಪ್ಪಿದಳು. ಬಿಟ್ಟಳು. ದಾಟಿದೆವು. ಮೂರನೆಯ ಕಿಲೋಮೀಟರ್ ಕಲ್ಲು ಕಳೆಯಿತು, ಕಣ್ಣು ಮಿಟುಕಿಸಿದೆ: ಬಿಳಿ ಕಾರಿನ ಹಿಂಭಾಗ, ಗಾಜಿನಲ್ಲಿ ಕುಂಬಳಕಾಯಿಯ ಬೆನ್ನು. ರಸ್ತೆಗೆ ಒಳಒಪ್ಪಂದ ನಡೆಯುವುದಿಲ್ಲ.

ಹತ್ತೂ ಇಪ್ಪತ್ತೆರಡು. ನನ್ನ ಹತ್ತಿರ ಹೆರಿಗೆ ಇರಲಿಲ್ಲ, ಹಲ್ಲುನೋವು ಇರಲಿಲ್ಲ, ಪರೀಕ್ಷೆಯೂ ಖರ್ಚಾಗಿತ್ತು. ಗಡಿಗೆ ಖಾಲಿಯಾದ ಮೇಲೆ ಬುಡದಲ್ಲಿ ಅಂಟಿಕೊಂಡದ್ದೇ ಕೈಗೆ ಸಿಗುವುದು. ಮತ್ತೆ ಅವಳ ಪಕ್ಕಕ್ಕೆ ಬಂದಾಗ ಬಾಯಿಗೆ ಬಂದದ್ದನ್ನು ನಾನು ಯೋಚಿಸಿ ಹೇಳಿದವಳಲ್ಲ.

"ನಿನ್ನ ಹಿಂದ ಹಾಕಬೇಕಾಗೈತಿ, ಸುಲೋಚನಾ!"

"ಯಾಕಕ್ಕಾ? ಕಾರಣಾ ಹೇಳ್ರಿ!"

"ಅದ ಕಾರಣಾ! ನೀ ನಮ್ಮ ಮನಿಗೆ ಬಂದಾಗಿಂದ, ಮೂವತ್ತು ವರ್ಷದಿಂದ ನಿನ್ನ ಒಮ್ಮ್ಯಾರ ಹಿಂದ ಹಾಕಬೇಕಂತ ಆಸೆ ಐತಿ ನನಗ! ಬ್ಯಾರೆ ಏನೂ ಉಳದಿಲ್ಲ!"

ಸುಲೋಚನಾ ನನ್ನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಮೂವತ್ತು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ, ಕಾರು ಅಲುಗಿ, ಕುಂಬಳಕಾಯಿ ಉರುಳಿ ಮೈದುನನ ತೊಡೆಯ ಮೇಲೆ ಬಿತ್ತು, ಅವನು "ಯಾರು ಬಂದ್ರು?" ಎನ್ನುತ್ತ ಎಚ್ಚರಗೊಂಡ.

"ಮೊದಲ ಹೇಳಬಾರದಾ, ಅಕ್ಕಾ!" ಎಂದು ಅವಳು ಕಣ್ಣೊರೆಸಿಕೊಂಡು ಕೂಗಿದಳು. "ನಿಮ್ಮನ್ನ ಹಿಂದ ಹಾಕೀನೋ ಇಲ್ಲೋ ಅಂತ ತಿರುಗಿ ತಿರುಗಿ ನೋಡಿ ನನಗೂ ಕುತ್ತಿಗಿ ನೋವು ಬಂದೈತಿ! ಹೋಗ್ರಿ, ಹೋಗ್ರಿ! ಶಂಕುವಿಂದು ಮೂರನೇ ಒಂದು ಭಾಗ, ಮರೀಬ್ಯಾಡ್ರಿ!"

ದಾಟಿದೆ. ಎರಡನೆಯ ಕಿಲೋಮೀಟರ್ ಕಲ್ಲು ಕಳೆಯಿತು. ಕಣ್ಣು ಮಿಟುಕಿಸಲು ನನಗೆ ಧೈರ್ಯ ಬರಲಿಲ್ಲ; ನೀರು ಬಂದು ಕೊನೆಗೆ ರೆಪ್ಪೆ ತಾನಾಗಿ ಮುಚ್ಚಿ ತೆರೆಯಿತು. ಮುಂದೆ ಬರೀ ರಸ್ತೆ ಇತ್ತು, ಅದರ ತುದಿಯಲ್ಲಿ ಪೇಟೆಯ ನೀರಿನ ಟ್ಯಾಂಕು.

ದವಾಖಾನೆ ಮೊದಲು ಸಿಗುತ್ತದೆ, ಶಾಲೆ ಆಮೇಲೆ. ನಾನು ಬ್ರೇಕು ಒತ್ತಿದೆ. ಮಲಕಾಜಪ್ಪ, "ನಿಲ್ಲಿಸಬ್ಯಾಡ್ರಿ ಅಕ್ಕಾರ, ಕೂಸು ಎಲ್ಲೂ ಓಡಿ ಹೋಗಂಗಿಲ್ಲ. ಗೇಟ್ ಹಾಕ್ತಾರ!" ಅಂದ. ಶಾಲೆಯ ಜವಾನ ಗೇಟಿನ ಒಂದು ಬಾಗಿಲು ಎಳೆದಾಗಿತ್ತು, ಇನ್ನೊಂದಕ್ಕೆ ಕೈ ಹಾಕಿದ್ದ. ನಾನು ವಕೀಲರ ಪೆನ್ನು ಹಿಡಿದು, ಬೆಳ್ಳುಳ್ಳಿ ವಾಸನೆಯ ಹಾಲ್ ಟಿಕೆಟ್ ಹಿಡಿದು ಒಳಗೆ ನುಗ್ಗಿದೆ.

ಶಂಕು ಬಂದಿತ್ತು. ಮದುವೆ ಬಸ್ಸು ಕಿವಿಯಲ್ಲಿ ಕೂಗಿತು, ಬರೆದೆ. ಕೊನೆಯಲ್ಲಿ ಮೂರು ಅಂಕದ್ದೊಂದು ಪ್ರಶ್ನೆ: ಒಂದು ಕಾರು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ, ಒಂದು ಗಂಟೆಯ ನಂತರ ಇನ್ನೊಂದು ಕಾರು ಅದೇ ದಾರಿಯಲ್ಲಿ ಅರವತ್ತರ ವೇಗದಲ್ಲಿ ಹೊರಡುತ್ತದೆ, ಎರಡನೆಯದು ಮೊದಲನೆಯದನ್ನು ಎಷ್ಟು ಗಂಟೆಯಲ್ಲಿ ಹಿಂದೆ ಹಾಕುತ್ತದೆ? ನನಗೆ ನಗು ತಡೆಯಲಾಗದೆ ಮೇಲ್ವಿಚಾರಕರು ಎರಡು ಸಲ ಬಂದು ನೋಡಿಹೋದರು. ಎರಡು ಗಂಟೆಯಲ್ಲಿ ಎಂದು ಬರೆದೆ. ಕೆಳಗೆ ಆವರಣದಲ್ಲಿ, ಕಾರಣ ನಿಜವಾಗಿದ್ದರೆ, ಎಂದು ಸೇರಿಸಿದೆ. ಗೊತ್ತಿದ್ದೂ ಅರ್ಧ ಉತ್ತರ ಬರೆಯಲು ಮನಸ್ಸು ಬರಲಿಲ್ಲ.

ಫಲಿತಾಂಶ ಬಂದ ದಿನ ಸುಲೋಚನಾ ಆ ಕುಂಬಳಕಾಯಿಯ ಕಡುಬು ಮಾಡಿಕೊಂಡು ನಮ್ಮ ಮನೆಗೆ ಬಂದಳು. ಮಾರ್ಕ್ಸ್ ಕಾರ್ಡು ಕೇಳಿ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ನನ್ನ ಯಜಮಾನರು ಕಡುಬು ತಿನ್ನುತ್ತ, "ಪಾಸಾಗಿ ಮೂವತ್ತು ವರ್ಷದ ಮ್ಯಾಲಾತಲ್ಲ, ಈಗ್ಯಾಕ ಅದನ್ನ ಓದಾಕತ್ತಿ?" ಅಂದರು. ಇಡೀ ಹೆದ್ದಾರಿಗೆ ಗೊತ್ತಾದದ್ದು ಅವರೊಬ್ಬರಿಗೆ ಗೊತ್ತಾಗಿರಲಿಲ್ಲ. ಅವರು ಯಾವತ್ತೂ ಎಡಗಡೆ ಸಾಲಿನವರು.

ಮರುದಿನ ನಾನು ಹಲ್ಲುನೋವಿನವರೊಬ್ಬರನ್ನು ಹತ್ತಿಸಿಕೊಂಡು ಹೋಗುತ್ತಿದ್ದಾಗ ಬಿಳಿ ಕಾರು ಹಿಂದೆ ಬಂತು. ಅದರಲ್ಲಿ ಈಗ ಮೂರೂ ಉಸಿರಾಡುವ ತಲೆಗಳೇ. "ನಿಮ್ಮನ್ನ ಹಿಂದ ಹಾಕೂ ಆಸೆ ಐತಕ್ಕಾ!" ಎಂದು ಕೂಗಿದಳು. ಎಡಕ್ಕೆ ಸರಿದೆ, ಹೋದಳು, ಕಲ್ಲು ಕಳೆದರೂ ಹಿಂದೆ ಬರಲಿಲ್ಲ. ಅವಳದೂ ನಿಜವೇ ಆಗಿತ್ತು. ಅದರ ಮರುದಿನ ಇಬ್ಬರೂ ಮತ್ತೆ ಅದೇ ಕಾರಣ ಹೇಳಿ ನೋಡಿದೆವು, ನಡೆಯಲಿಲ್ಲ. ಈಗ ಕಟ್ಟೆಯ ಮಕ್ಕಳು ತಮ್ಮ ಮಗ್ಗಿಗೆ ಒಂದು ಸಾಲು ಸೇರಿಸಿದ್ದಾರೆ: ಹಿಂದೆ ಹಾಕುವ ಆಸೆಗೆ ಒಂದು ಗಾಡಿ, ಜನ್ಮಕ್ಕೊಮ್ಮೆ.

ನನಗೆ ಬಂದದ್ದು ಮೂವತ್ತಾರು ಅಂಕ. ಹೋದದ್ದು ಮೂವತ್ತಮೂರು ವರ್ಷ ಸಾಕಿದ ಒಂದು ಸುಳ್ಳು, ಮತ್ತು ಸುಲೋಚನಾಳ ಮೇಲಿನ ಸಿಟ್ಟು.